ಬಿಟ್ಟ ಸುದ್ದಿ

ಬಿಲ್ಲು ಹಾಕುವ ಪ್ರೋಗ್ರಾಂ ಬರೆದು ಬದುಕುವವಳು ನಾನು.
ಶಿವರಾಂಪೇಟೆಯ ಎರಡು ಬಟ್ಟೆ ಅಂಗಡಿ, ಒಂದು ಮೆಡಿಕಲ್ ಸ್ಟೋರು.
ಚಿತ್ರ ಬರೆಯುವ ಪ್ರೋಗ್ರಾಂ ಇದೇ ಮೊದಲು.
ಕೇಳಿದವರು ಮಂಡಿ ಮೊಹಲ್ಲಾದ ಜಬ್ಬಾರ್ ಸಾಬರು,
ಬೀಟೆಯ ಹಲಗೆಯಲ್ಲಿ ಬಣ್ಣಬಣ್ಣದ ಮರ ಕೂಡಿಸುವವರು.
"ಕಾಗದ ಸಾಕಾಯ್ತು ಬೇಟಿ. ಅಳಿಸಿ ಅಳಿಸಿ ತೂತು ಬೀಳುತ್ತೆ.
ತೂತು ಬೀಳದ ಕಾಗದ ಮಾಡಿಕೊಡು."

ಮಾಡಿಕೊಟ್ಟೆ. ಒಂದು ಕಿಟಕಿ, ಒಳಗೆ ಬಿಳಿ.
ಮೌಸ್ ಒತ್ತಿದರೆ ಗೆರೆ ಶುರು,
ಸರಿದರೆ ಬೆಳೆಯುತ್ತದೆ, ಬಿಟ್ಟರೆ ಮುಗಿಯಿತು.
ಇಷ್ಟೇ ಎಂದುಕೊಂಡಿದ್ದೆ.

ಮೊದಲ ದಿನ ಕೊಕ್ಕರೆ ಬರೆದರು.
ಕೊಕ್ಕು, ಕತ್ತು, ರೆಕ್ಕೆಯಂಚಿನ ಕಪ್ಪು, ಎಲ್ಲ ಸರಿ.
ಕಾಲು ಉದ್ದ ನೋಡಿ, ಎಳೆಯುತ್ತಾ ಎಳೆಯುತ್ತಾ
ಕೈ ಕಿಟಕಿಯ ಹೊಸಿಲು ದಾಟಿತು.
ಅಲ್ಲೇ ಬೆರಳೆತ್ತಿ, ಚಹಾ ಕುಡಿದು,
ವಾಪಸು ಬಂದರೆ
ಕಾಲು ಇನ್ನೂ ಬೆಳೆಯುತ್ತಿದೆ.
ಮೌಸ್ ಹೋದಲ್ಲೆಲ್ಲ ಹಿಂದೆಯೇ ಬಂತು,
ರೆಕ್ಕೆಯ ಮೇಲೆ ಹಾದು, ಗೂಡು ಸುತ್ತಿ,
ಸೂರ್ಯನಿಗೊಂದು ಉರುಳು ಹಾಕಿ.
"ಬಿಟ್ಟಿದೀನಲ್ಲ ಬೇಟಿ! ನೋಡು."
ಅಂಗೈ ಎತ್ತಿ ಪರದೆಗೆ ತೋರಿಸಿದರು.
ಬೆರಳ ಸಂದಿಯಲ್ಲಿ ಒಣಗಿದ ಅಂಟು, ಮರದ ಪುಡಿ.
ಬೇರೇನಿಲ್ಲ.

ಕೈಗೆ ಗೊತ್ತು. ಕಿಟಕಿಗೆ ಗೊತ್ತಿಲ್ಲ.

ಯಾಕೆಂದು ಹೇಳಲು ಹೋದೆ.
ಈ ಕಿಟಕಿ ತಾನಾಗಿ ಏನೂ ನೋಡುವುದಿಲ್ಲ ಸಾಬ್,
ಸುದ್ದಿ ಬರಲಿ ಎಂದು ಕೂತಿರುತ್ತದೆ, ಅಷ್ಟೆ.
ನ್ಯಾಯಬೆಲೆ ಅಂಗಡಿಯ ಗುಮಾಸ್ತನ ಹಾಗೆ:
ಸಾಲಿನ ಮುಂದೆ ನಿಂತದ್ದನ್ನು ಕರೆ, ಕೆಲಸ ಮುಗಿಸು, ಕಳಿಸು,
ಮತ್ತೆ ಮುಂದಿನದನ್ನು ಕರೆ.
ನೀವು ಬಿಟ್ಟದ್ದು ಪಕ್ಕದಂಗಡಿಯ ಸಾಲಿನಲ್ಲಿ ನಿಂತಿತು.
ಇವನಿಗೆ ಬರಲೇ ಇಲ್ಲ.

ಅವರು ಕೂದಲೆಳೆಯಂಥ ಗರಗಸ ತೆಗೆದು ಬೀಟೆಗೆ ಹಚ್ಚಿದರು.
ಜುಯ್ ಜುಯ್ ಜುಯ್. ಹಲಗೆಯ ಅಂಚು ದಾಟಿತು. ಝಿಣ್.
"ಮರ ಬಿಟ್ಟರೆ ಸದ್ದೇ ಬೇರೆ.
ಕಣ್ಣು ಮುಚ್ಚಿದ್ದರೂ ಗೊತ್ತಾಗುತ್ತೆ.
ನಿನ್ನ ಕಿಟಕಿಗೆ ಕಿವಿ ಇಲ್ಲವಾ?"

ರಾತ್ರಿ ಕುಂಬಾರಕೊಪ್ಪಲಿನ ಮನೆಯಲ್ಲಿ ಕಿವಿ ಕೂರಿಸಿದೆ.
ಒತ್ತಿದ ಗಳಿಗೆಗೇ ಒಂದು ಗಂಟು:
ಇನ್ನು ಈ ಬೆರಳು ಯಾರ ಅಂಗಳದಲ್ಲೇ ಏಳಲಿ
ಸುದ್ದಿ ನನಗೇ ಬರಬೇಕು.
ಬಿಟ್ಟ ಮೇಲೆ ಗಂಟು ಬಿಚ್ಚಬೇಕು; ಮರೆತೆ.
ಇಡೀ ಪರದೆಯ ಮೌಸ್ ನನ್ನೊಬ್ಬಳ ಆಸ್ತಿಯಾಗಿ
ಬೇರೆ ಯಾವ ಗುಂಡಿಯೂ ಒತ್ತಿಸಿಕೊಳ್ಳದೆ
ಕೊನೆಗೆ ಪ್ಲಗ್ಗೇ ಕಿತ್ತೆ.
ಅವ್ವ ಒಳಗಿಂದ, "ಕರೆಂಟು ಹೋಯ್ತಾ?"
ಇಲ್ಲ, ನಾನೇ.

ಮರುವಾರ ಅವರ ಮಗಳು ನಸ್ರೀನಳ ಫೋನು.
"ಅಕ್ಕಾ, ಅಬ್ಬಾ ಏನು ಬರೆದರೂ ನೆಟ್ಟಗೆ ಬರ್ತಿದೆ.
ಬಳ್ಳಿ ಕೂಡ ಬಾಗೊಲ್ಲ."
ನೆಟ್ಟ ಗೆರೆಗೆಂದು ಶಿಫ್ಟ್ ಒತ್ತಿ ಹಿಡಿದವಳು
ನಡುವೆ ಯಾವುದೋ ಚೌಕ ಮೇಲೆದ್ದದ್ದಕ್ಕೆ
ಅದನ್ನು ಮುಚ್ಚಲು ಹೋಗಿ, ಅಲ್ಲೇ ಬೆರಳೆತ್ತಿದ್ದಾಳೆ.
ಮತ್ತೆ ಅದೇ ಕತೆ.
ಬೆಳಗಿನ ಜಾವ ನಾಲ್ಕಕ್ಕೆ ಒಂದು ಸಾಲು ಬರೆದೆ:
ಗಮನ ಬೇರೆ ಕಡೆ ಹೋದದ್ದು ತಿಳಿದೊಡನೆ
ಒತ್ತಿದ್ದೆಲ್ಲ ಬಿಟ್ಟಿದೆ ಎಂದೇ ಎಣಿಸು,
ಯಾರೂ ಬಂದು ಹೇಳದಿದ್ದರೂ.
ಬರೆದು, ಆ ಸಾಲನ್ನೇ ಸ್ವಲ್ಪ ಹೊತ್ತು ನೋಡುತ್ತಾ ಕೂತೆ.
ಮಿಣಮಿಣ ಕರ್ಸರ್. ಹೊರಗೆ ಹಾಲಿನ ವ್ಯಾನು.

ಈಗ ಕೊಕ್ಕರೆಯ ಕಾಲು ನೀರಿನಲ್ಲಿ ನಿಲ್ಲುತ್ತದೆ.
ಹಲಸಿನ ಹಳದಿಯಲ್ಲಿ ಅದನ್ನು ಕೂರಿಸಿ,
ಉಜ್ಜಿ, ಪಾಲಿಶು ಹೊಡೆದು, ಮಾರಿಯೂ ಆಯಿತು.
ಸೂರ್ಯನಿಗೆ ಉರುಳು ಬಿದ್ದ ಹಳೆಯ ಚಿತ್ರ
ಅಳಿಸಬೇಡ ಎಂದಿದ್ದಾರೆ. ಯಾಕೆಂದು ಕೇಳಿಲ್ಲ.
ಮತ್ತೆ, ಪ್ರತಿ ಗೆರೆ ಮುಗಿದಾಗಲೂ
ಜಬ್ಬಾರ್ ಸಾಬರು ಅಂಗೈ ಎತ್ತಿ
ಪರದೆಗೆ ತೋರಿಸುತ್ತಾರೆ,
ಬಿಟ್ಟೆ, ನೋಡು ಎಂಬಂತೆ.
ಅದು ಬೇಕಿಲ್ಲ ಸಾಬ್ ಎಂದು
ನಾನಿನ್ನೂ ಹೇಳಿಲ್ಲ.